ಕಿರುಸಾಲ ಮತ್ತು ಗ್ರಾಮೀಣ ಬಡ ಕುಟುಂಬ: ಸ್ವಸಹಾಯ ಗುಂಪುಗಳ ಕಾರ್ಯವಿಧಾನ

ಗ್ರಾಮೀಣ ಪ್ರದೇಶದ ಕೃಷಿ ಕಾರ್ಮಿಕರು, ಅತಿ ಸಣ್ಣ ಹಿಡುವಳಿದಾರರು ಹಾಗೂ ಕುಶಲಕರ್ಮಿ ಕುಟುಂಬಗಳ ಬಡತನಕ್ಕೆ ಆದಾಯದ ಕೊರತೆಯೊಂದೇ ಕಾರಣವಲ್ಲ. ಹಣ ಬರುವ ಕಾಲಕ್ಕೂ ಖರ್ಚು ಎದುರಾಗುವ ಕಾಲಕ್ಕೂ ಹೊಂದಾಣಿಕೆಯಿಲ್ಲದಿರುವುದು ಅಷ್ಟೇ ಮುಖ್ಯವಾದ ಕಾರಣ. ಸುಗ್ಗಿಯಲ್ಲಿ ಕೂಲಿ ದೊರೆಯುತ್ತದೆ, ಬೇಸಿಗೆಯಲ್ಲಿ ದೊರೆಯುವುದಿಲ್ಲ. ಕಾಯಿಲೆ, ಹೆರಿಗೆ, ಸಾವು ಇವು ಸುಗ್ಗಿಗಾಗಿ ಕಾಯುವುದಿಲ್ಲ. ಈ ಅಂತರವನ್ನು ತುಂಬಲು ಪಡೆದ ಕೈಸಾಲವೇ ಅನೇಕ ಮನೆಗಳಲ್ಲಿ ಒಡವೆಯ ಗಿರವಿಗೆ, ಜಮೀನಿನ ಭೋಗ್ಯಕ್ಕೆ, ಕೆಲವೆಡೆ ಮಕ್ಕಳ ಜೀತಕ್ಕೂ ದಾರಿಯಾಗಿತ್ತು. ಜೀತ ಪದ್ಧತಿಯನ್ನು 1976ರ ಕೇಂದ್ರ ಕಾಯ್ದೆಯು ರದ್ದುಪಡಿಸಿತು. ಅದೇ ವರ್ಷದ ಕರ್ನಾಟಕ ಋಣಪರಿಹಾರ ಕಾಯ್ದೆಯು ದುರ್ಬಲ ವರ್ಗದವರ ಹಳೆಯ ಸಾಲಗಳಿಗೆ ಬಿಡುಗಡೆ ನೀಡಿತು. ಆದರೆ ಹಳೆಯ ಸಾಲ ತೀರಿದ ಮನೆಗೆ ಮುಂದಿನ ಸಾಲ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಉಳಿದೇ ಇತ್ತು.

ಹಿನ್ನೆಲೆ

ಸಣ್ಣ ಮೊತ್ತದ ಉಳಿತಾಯ ಹಾಗೂ ಸಾಲದ ವ್ಯವಹಾರ ಕರ್ನಾಟಕಕ್ಕೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪನೆಯಾಯಿತು. 1925ರಲ್ಲಿ ಉಡುಪಿಯಲ್ಲಿ ಆರಂಭವಾಗಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದು, ಮನೆಬಾಗಿಲಿನಲ್ಲಿಯೇ ಆಣೆಗಳ ಲೆಕ್ಕದಲ್ಲಿ ಉಳಿತಾಯ ಸಂಗ್ರಹಿಸಿತು. 1975ರಿಂದ ಗ್ರಾಮೀಣ ಬ್ಯಾಂಕುಗಳು ಸ್ಥಾಪನೆಗೊಂಡವು. ಆದರೂ ಅಡಮಾನಕ್ಕೆ ಆಸ್ತಿಯಿಲ್ಲದ, ಕಾಗದಪತ್ರಗಳಿಲ್ಲದ ಮಹಿಳೆಗೆ ಬ್ಯಾಂಕಿನ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು. ಐನೂರು ರೂಪಾಯಿಯ ಸಾಲಕ್ಕೆ ಐದು ಬಾರಿ ಪಟ್ಟಣಕ್ಕೆ ಅಲೆಯಬೇಕಾದರೆ, ಬಸ್ಸಿನ ಖರ್ಚು ಮತ್ತು ಕಳೆದುಕೊಂಡ ಕೂಲಿಯೇ ಬಡ್ಡಿಯನ್ನು ಮೀರುತ್ತಿತ್ತು.

ಸ್ವಸಹಾಯ ಗುಂಪುಗಳ ಉಗಮವು ಒಂದು ವೈಫಲ್ಯದಿಂದ ಆಯಿತೆಂಬುದು ಗಮನಾರ್ಹ. 1980ರ ದಶಕದ ಮಧ್ಯದಲ್ಲಿ ಮೈರಾಡ ಸಂಸ್ಥೆಯ ಕಾರ್ಯಕ್ಷೇತ್ರದಲ್ಲಿ ಕೆಲವು ದೊಡ್ಡ ಸಹಕಾರ ಸಂಘಗಳು ಒಳಜಗಳಗಳಿಂದ ಮುರಿದುಬಿದ್ದವು. ಆಗ ಸದಸ್ಯರು ಪರಸ್ಪರ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಬಂದು, ತಮ್ಮ ಪಾಲಿನ ಸಾಲವನ್ನು ಸಂಸ್ಥೆಗೇ ಮರುಪಾವತಿಸುವುದಾಗಿ ತಿಳಿಸಿದರು. ಆ ಹಣವನ್ನು ಸಂಸ್ಥೆಗೆ ಕೊಡುವ ಬದಲು ಗುಂಪಿನಲ್ಲಿಯೇ ಉಳಿಸಿಕೊಂಡು ಪರಸ್ಪರ ಸಾಲ ನೀಡಿಕೊಳ್ಳುವಂತೆ ಸಲಹೆ ನೀಡಲಾಯಿತು. 1987ರಲ್ಲಿ ನಬಾರ್ಡ್ ಈ ಗುಂಪುಗಳ ತರಬೇತಿಗಾಗಿ ಮೈರಾಡಕ್ಕೆ 10 ಲಕ್ಷ ರೂ. ಅನುದಾನ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ನೋಂದಣಿಯಾಗದ ಗುಂಪಿನ ಹೆಸರಿನಲ್ಲಿಯೂ ಉಳಿತಾಯ ಖಾತೆ ತೆರೆಯಲು ಭಾರತೀಯ ರಿಸರ್ವ್ ಬ್ಯಾಂಕ್ ಅನುಮತಿ ನೀಡಿದುದು ಈ ಕಾರ್ಯಕ್ರಮದ ವಿಸ್ತರಣೆಗೆ ನೆರವಾಯಿತು.

ಕರ್ನಾಟಕ ಸರ್ಕಾರವು 2000-01ನೇ ಸಾಲಿನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಮೂಲಕ ಸ್ತ್ರೀಶಕ್ತಿ ಯೋಜನೆಯನ್ನು ಜಾರಿಗೆ ತಂದಿತು. 15ರಿಂದ 20 ಮಹಿಳೆಯರ ಗುಂಪುಗಳನ್ನು ಅಂಗನವಾಡಿ ಕಾರ್ಯಕರ್ತೆಯರ ನೆರವಿನಿಂದ ರಚಿಸಲಾಯಿತು. ಪ್ರತಿ ಗುಂಪಿಗೆ 5,000 ರೂ. ಸುತ್ತುನಿಧಿ ಒದಗಿಸಲಾಯಿತು. 2011ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವನ್ನು ರಾಜ್ಯದಲ್ಲಿ ಸಂಜೀವಿನಿ ಎಂಬ ಹೆಸರಿನಲ್ಲಿ ಅನುಷ್ಠಾನಗೊಳಿಸಲಾಗಿದೆ.

ಒಂದು ಕುಟುಂಬದ ಲೆಕ್ಕ

ಕಿರುಸಾಲವು ಕುಟುಂಬವೊಂದನ್ನು ಹೇಗೆ ಮೇಲೆತ್ತಬಲ್ಲದು ಎಂಬುದನ್ನು ಅರಿಯಲು, ಯೋಜನೆಯ ಆರಂಭದ ವರ್ಷಗಳ ಮಟ್ಟದ ಮೊತ್ತಗಳನ್ನಿಟ್ಟುಕೊಂಡು ಒಂದು ಮಾದರಿ ಲೆಕ್ಕವನ್ನು ನೋಡಬಹುದು. ಬಯಲುಸೀಮೆಯ ಒಂದು ಕುಟುಂಬ: ಗಂಡ, ಹೆಂಡತಿ, ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಇರುವ ಅರ್ಧ ಎಕರೆ ಖುಷ್ಕಿ ಜಮೀನು 5,000 ರೂ.ಗೆ ಭೋಗ್ಯಕ್ಕೆ ಹೋಗಿದೆ. ಗುಂಪಿನ 20 ಸದಸ್ಯರು ವಾರಕ್ಕೆ ತಲಾ 10 ರೂ. ಉಳಿಸಿದರೆ, ವಾರಕ್ಕೆ 200 ರೂ., ವರ್ಷಕ್ಕೆ 10,400 ರೂ. ಸಂಗ್ರಹವಾಗುತ್ತದೆ. ಸುತ್ತುನಿಧಿ ಸೇರಿದರೆ 15,400 ರೂ.

ಕುಟುಂಬದ ಮೊದಲ ಸಾಲ ಸಾಮಾನ್ಯವಾಗಿ ಉತ್ಪಾದಕ ಉದ್ದೇಶದ್ದಾಗಿರುವುದಿಲ್ಲ. ಅತ್ತೆಯ ಚಿಕಿತ್ಸೆಗಾಗಿ 2,000 ರೂ. ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹಳ್ಳಿಯ ಲೇವಾದೇವಿಯಲ್ಲಿ ತಿಂಗಳಿಗೆ ನೂರಕ್ಕೆ ಐದರ ಬಡ್ಡಿಯಾದರೆ, ಅಸಲು ಹಾಗೆಯೇ ಉಳಿದು ಹತ್ತು ತಿಂಗಳಲ್ಲಿ ಬಡ್ಡಿಯೇ 1,000 ರೂ. ಆಗುತ್ತದೆ. ಗುಂಪಿನಲ್ಲಿ ನೂರಕ್ಕೆ ಎರಡರ ಬಡ್ಡಿಯಂತೆ ಪಡೆದು, ತಿಂಗಳಿಗೆ 200 ರೂ. ಅಸಲು ತೀರಿಸುತ್ತ ಬಂದರೆ, ಹತ್ತು ತಿಂಗಳಲ್ಲಿ ಒಟ್ಟು ಬಡ್ಡಿ 220 ರೂ. ಮಾತ್ರ. ಆ 220 ರೂ. ಕೂಡ ಗುಂಪಿನ ನಿಧಿಯಲ್ಲಿಯೇ ಉಳಿದು, ಆಕೆಯೂ ಅದರಲ್ಲಿ ಪಾಲುದಾರಳಾಗುತ್ತಾಳೆ. ಚಿಕಿತ್ಸೆಗೆ ಪಡೆದ ಸಾಲವನ್ನು ಅನುತ್ಪಾದಕವೆಂದು ಟೀಕಿಸುವುದುಂಟು. ಆದರೆ ಆ ಸಾಲ ದೊರೆಯದಿದ್ದರೆ ಮನೆಯ ಕುರಿ ಅಥವಾ ಪಾತ್ರೆ ಮಾರಾಟವಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಸಾಲ 5,000 ರೂ.; ಭೋಗ್ಯದ ಜಮೀನನ್ನು ಬಿಡಿಸಿಕೊಳ್ಳಲು. ಭೋಗ್ಯದಲ್ಲಿ ಬಡ್ಡಿಯ ಬದಲಿಗೆ ಸಾಲ ಕೊಟ್ಟವನೇ ಬೆಳೆ ತೆಗೆದುಕೊಳ್ಳುತ್ತಾನೆ. ಅಸಲು ಒಮ್ಮೆಗೇ ಹಿಂದಿರುಗಿಸುವವರೆಗೆ ಜಮೀನು ಮರಳುವುದಿಲ್ಲ. ಕೂಲಿಯವರ ಕೈಯಲ್ಲಿ 5,000 ರೂ. ಒಮ್ಮೆಗೇ ಸೇರುವುದೆಂದಿಗೆ? ಗುಂಪು ಮಾಡುವ ಮುಖ್ಯ ಉಪಕಾರ ಇದೇ: ವಾರವಾರದ ಚಿಲ್ಲರೆಯನ್ನು ಇಡಿಗಂಟಾಗಿ ಪರಿವರ್ತಿಸುವುದು. ಬಿಡಿಸಿಕೊಂಡ ಅರ್ಧ ಎಕರೆಯಲ್ಲಿ ಮಳೆ ಬಂದ ವರ್ಷ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಬೆಳೆದರೆ ವರ್ಷದ ಕೆಲವು ತಿಂಗಳ ಊಟ ಮನೆಯಲ್ಲಿಯೇ ಆಗುತ್ತದೆ.

ಮೂರನೆಯದು ಬ್ಯಾಂಕಿನ ಸಾಲ. ಗುಂಪಿನ ಸಭೆ, ಉಳಿತಾಯ, ಮರುಪಾವತಿ ಹಾಗೂ ಲೆಕ್ಕಪುಸ್ತಕಗಳನ್ನು ಪರಿಶೀಲಿಸಿ ಬ್ಯಾಂಕು ಸಾಲ ಮಂಜೂರು ಮಾಡುತ್ತದೆ. ಅದರಲ್ಲಿ ಕುಟುಂಬದ ಪಾಲಿಗೆ ಮಿಶ್ರತಳಿ ಹಸುವಿಗಾಗಿ 12,000 ರೂ. ಬಂದಿತೆನ್ನಿ, ಅವಧಿ 24 ತಿಂಗಳು, ಬಡ್ಡಿ ತಿಂಗಳಿಗೆ ಶೇ. 1. ಮೊದಲ ಕಂತು ಅಸಲು 500 ಮತ್ತು ಬಡ್ಡಿ 120, ಒಟ್ಟು 620 ರೂ. ದಿನಕ್ಕೆ 6 ಲೀಟರ್ ಹಾಲನ್ನು ಲೀಟರಿಗೆ 8 ರೂ.ನಂತೆ ಡೇರಿಗೆ ಹಾಕಿದರೆ ತಿಂಗಳಿಗೆ 1,440 ರೂ. ಹಿಂಡಿ, ಬೂಸ, ಮೇವಿಗೆ ಅರ್ಧ ಹೋದರೆ ಉಳಿಯುವುದು 720 ರೂ. ಕಂತು ಕಳೆದ ಮೇಲೆ ಕೈಗೆ ಬರುವುದು ಕೇವಲ 100 ರೂ. ಹಸು ಬತ್ತಿಸಿದ ಎರಡು ಮೂರು ತಿಂಗಳು ಅದೂ ಇಲ್ಲ. ಕಂತನ್ನು ಕೂಲಿಯಿಂದಲೇ ಕಟ್ಟಬೇಕು. ಹಸು ತಂದ ಮರುತಿಂಗಳೇ ಮನೆಯಲ್ಲಿ ಸಮೃದ್ಧಿ ಕಾಣುತ್ತದೆಂಬ ನಿರೀಕ್ಷೆ ತಪ್ಪು. ನಿಜವಾದ ಲಾಭ ಸಾಲ ತೀರಿದ ಮೇಲೆ: ಆಗ ಹಸು ಮನೆಯದು, ಕರು ಮನೆಯದು, ಗೊಬ್ಬರ ಹೊಲದ್ದು. ಡೇರಿಯ ಬಟವಾಡೆ ನಿಯತವಾಗಿ ಬರುವುದರಿಂದ ಕಂತಿನ ಹಣವನ್ನು ಬೇರೆಯಾಗಿ ಎತ್ತಿಡುವುದು ಸುಲಭವಾಗುತ್ತದೆ. ಹಾಲು ಒಕ್ಕೂಟಗಳ ಜಾಲ ಬಲವಾಗಿರುವ ಕೋಲಾರ, ತುಮಕೂರು, ಹಾಸನದಂತಹ ಜಿಲ್ಲೆಗಳಲ್ಲಿ ಹೈನುಗಾರಿಕೆಯ ಸಾಲಕ್ಕೆ ಈ ಅನುಕೂಲವಿದೆ. ಹಾಲು ಶೇಖರಣೆಯೇ ಇಲ್ಲದ ಊರಿನಲ್ಲಿ ಅದೇ ಸಾಲ ಹೊರೆಯಾಗಬಹುದು.

ಹಸುವಿಗೆ ವಿಮೆ ಮಾಡಿಸುವುದು ಅತ್ಯಗತ್ಯ. ಕಿವಿಯೋಲೆ ಇಲ್ಲದ ಹಸು ಸತ್ತಾಗ ವಿಮಾ ಪರಿಹಾರ ಪಡೆಯುವುದು ಕಷ್ಟ; ಸಾಲ ಮಾತ್ರ ಉಳಿಯುತ್ತದೆ.

ಗುಂಪಿನ ಒಳಗಿನ ಶಿಸ್ತು

ವಾರದ ಸಭೆ, ಉಳಿತಾಯ, ಆಂತರಿಕ ಸಾಲ, ಸಕಾಲಿಕ ಮರುಪಾವತಿ, ಲೆಕ್ಕಪತ್ರ ಇವನ್ನು ಪಂಚಸೂತ್ರಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಅತಿ ಹೆಚ್ಚು ಕಡೆಗಣಿತವಾಗುವುದು ಕೊನೆಯದು. ಬರೆಯಲು ಬಲ್ಲ ಒಬ್ಬ ಸದಸ್ಯೆಯ ಕೈಯಲ್ಲಿಯೇ ನಡಾವಳಿ ಪುಸ್ತಕ, ಪಾಸ್‌ಬುಕ್ ಎರಡೂ ವರ್ಷಗಟ್ಟಲೆ ಇದ್ದರೆ ಸಂಶಯಕ್ಕೆ ಎಡೆಯಾಗುತ್ತದೆ. ಪ್ರತಿ ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುವುದು, ಪ್ರತಿನಿಧಿಗಳನ್ನು ಸರದಿಯಂತೆ ಬದಲಾಯಿಸುವುದು ಸೂಕ್ತ. ಸಾಲ ಯಾರಿಗೆ ಮೊದಲು ಎಂಬುದನ್ನು ಗುಂಪೇ ಠರಾವಿನ ಮೂಲಕ ತೀರ್ಮಾನಿಸಬೇಕು.

ಮಿತಿಗಳು ಮತ್ತು ಅಪಾಯಗಳು

ಸಾಲದಿಂದಲೇ ಬಡತನ ನೀಗುತ್ತದೆಂಬ ವಾದಕ್ಕೆ ಪುರಾವೆ ಸಾಲದು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನ 104 ಬಡ ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿರುಸಾಲದಿಂದ ಈಗಾಗಲೇ ಇದ್ದ ಸಣ್ಣ ವ್ಯಾಪಾರಗಳು ಸ್ವಲ್ಪ ವಿಸ್ತರಿಸಿದುದು ಕಂಡುಬಂದರೂ, ಕುಟುಂಬಗಳ ಸರಾಸರಿ ಅನುಭೋಗ, ಆರೋಗ್ಯ, ಮಕ್ಕಳ ಶಿಕ್ಷಣದಲ್ಲಿ ಗಣನೀಯ ಬದಲಾವಣೆ ಕಂಡುಬರಲಿಲ್ಲ. ಅದು ನಗರದ ಅಧ್ಯಯನವಾದರೂ ಹಳ್ಳಿಗೂ ಎಚ್ಚರಿಕೆಯ ಮಾತೇ ಸರಿ.

ಗುಂಪಿನ ಉಳಿತಾಯದ ತಳಹದಿಯಿಲ್ಲದೆ ಹೊರಗಿನ ಕಂಪನಿಗಳು ಮನೆಬಾಗಿಲಿಗೆ ತಂದುಕೊಡುವ ಸಾಲ ಬೇರೆ ಬಗೆಯದು. ಒಂದರ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಪಡೆಯುವ ಸರಪಳಿಯಿಂದ 2010ರಲ್ಲಿ ಆಂಧ್ರಪ್ರದೇಶದಲ್ಲಿ ತೀವ್ರ ಬಿಕ್ಕಟ್ಟು ತಲೆದೋರಿ, ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನಗಳಂತೆ, ವಾರ್ಷಿಕ 3 ಲಕ್ಷ ರೂ.ವರೆಗಿನ ಆದಾಯದ ಕುಟುಂಬಕ್ಕೆ ನೀಡುವ ಅಡಮಾನರಹಿತ ಸಾಲವು ಕಿರುಸಾಲವೆನಿಸುತ್ತದೆ. ಕುಟುಂಬದ ಎಲ್ಲ ಸಾಲಗಳ ಮಾಸಿಕ ಕಂತು ಮಾಸಿಕ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 12,000 ರೂ. ಆದಾಯವಿರುವ ಮನೆಗೆ ಈ ಮಿತಿ 6,000 ರೂ. ಮಾದರಿ ಲೆಕ್ಕದ ಹಸುವನ್ನು ನೆನೆದರೆ ಈ ಅರ್ಧವೂ ಹೆಚ್ಚೇ.

ವಸೂಲಿಯ ಕಿರುಕುಳದಿಂದ ಕುಟುಂಬಗಳು ಊರು ತೊರೆದ ಪ್ರಕರಣಗಳು ವರದಿಯಾದ ನಂತರ, ಬಲವಂತದ ಕ್ರಮಗಳನ್ನು ತಡೆಯಲು ಕರ್ನಾಟಕವು 2025ರಲ್ಲಿ ಕಾನೂನು ಜಾರಿಗೊಳಿಸಿತು. ಬೆದರಿಕೆ ಹಾಕುವುದು, ಮನೆಗೆ ನುಗ್ಗುವುದು ಅಥವಾ ಸಾಲಗಾರರ ವಸ್ತುಗಳನ್ನು ಒತ್ತಾಯದಿಂದ ಕಸಿದುಕೊಳ್ಳುವುದು ಕಂಡುಬಂದಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ಸಾಲ ಪಡೆಯುವ ಮುನ್ನ ವಾರ್ಷಿಕ ಬಡ್ಡಿದರ, ಸಂಸ್ಕರಣಾ ಶುಲ್ಕ, ಕಂತುಗಳ ಸಂಖ್ಯೆ ಇವನ್ನು ಕನ್ನಡದಲ್ಲಿ ಬರೆದ ಚೀಟಿಯಲ್ಲಿ ಕೇಳಿ ಪಡೆಯತಕ್ಕದ್ದು. ಗುಂಪು ಸೇರಬಯಸುವ ಮಹಿಳೆಯರು ತಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆಯನ್ನು ಅಥವಾ ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟವನ್ನು ಸಂಪರ್ಕಿಸಬಹುದು.