ಚಲಚ್ಚಿತ್ರದಲ್ಲಿ ಪಾಠಶೋಧನೆ: 1977ನೆಯ ಇಸವಿಯ ಎರಡು ಕೃತಿಗಳು

ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳ ವಾಚಕರಿಗೆ ಪಾಠಾಂತರ, ಪ್ರಕ್ಷೇಪ, ಗ್ರಂಥಪಾತ ಎಂಬ ಮಾತುಗಳು ಚಿರಪರಿಚಿತವಾದುವು. ಓಲೆಗರಿಗೂ ಕಡತಕ್ಕೂ ಸಂಬಂಧಪಟ್ಟ ಈ ವಿಚಾರವು ಚಲಚ್ಚಿತ್ರಕ್ಕೂ ಅನ್ವಯಿಸುವುದೆಂದರೆ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ 1977ನೆಯ ಇಸವಿಯ ಎರಡು ಚಿತ್ರಗಳ ಚರಿತ್ರೆಯನ್ನು ಹೋಲಿಸಿ ನೋಡಿದರೆ, ಮೂಲಪಾಠವನ್ನು ಕಾಪಾಡುವ ಹೊಣೆಯು ಕರ್ತೃವೊಬ್ಬನಿಗೇ ಸೇರಿದುದಲ್ಲವೆಂಬುದು ಸ್ಪಷ್ಟವಾಗುವುದು.

ಮೊದಲನೆಯದು ಅಮೇರಿಕಾದಲ್ಲಿ 1977ರ ಮೇ 25ರಂದು ತೆರೆಕಂಡ 'ಸ್ಟಾರ್ ವಾರ್ಸ್'. ಅದರ ನಿರ್ದೇಶಕರಾದ ಜಾರ್ಜ್ ಲ್ಯೂಕಸ್ ಅವರು 1981ರಲ್ಲಿ ಆರಂಭದ ಬರಹಕ್ಕೆ ಹೊಸ ಉಪಶೀರ್ಷಿಕೆಯನ್ನು ಸೇರಿಸಿದರು. 1997ರಲ್ಲಿ ಅನೇಕ ದೃಶ್ಯಗಳನ್ನು ಮಾರ್ಪಡಿಸಿದರು. 2004ರಲ್ಲಿ ಮತ್ತೆ ಕೈಯಾಡಿಸಿದರು. ಪ್ರಥಮಪಾಠದಲ್ಲಿ ಹಾನ್ ಸೋಲೋ ಎಂಬ ಪಾತ್ರವು ತನ್ನನ್ನು ಹಿಡಿಯಬಂದ ಗ್ರೀಡೋನಿಗೆ ತಾನೇ ಗುಂಡಿಕ್ಕಿ ಕೊಲ್ಲುವುದು. 1997ರ ಪಾಠದಲ್ಲಾದರೋ ಗ್ರೀಡೋನೇ ಮೊದಲು ಹೊಡೆಯುವನು. ಕ್ಷಣಮಾತ್ರದ ಈ ಪ್ರಕ್ಷೇಪದಿಂದ ಪಾತ್ರದ ಶೀಲವೇ ಬೇರೆಯಾಯಿತು. ಹೊಸ ಭಾಗಗಳಿಗನುಸಾರವಾಗಿ ಮೂಲ ನೆಗೆಟಿವ್ ಕೂಡ ಮರುಜೋಡಣೆಗೊಂಡಿತು. 2006ರಲ್ಲಿ ಹಳೆಯ ಪಾಠವು ಡಿವಿಡಿಯಲ್ಲಿ ಅನುಬಂಧರೂಪವಾಗಿ ದೊರೆತರೂ, ಅದು 1993ರ ಲೇಸರ್ ಡಿಸ್ಕಿಗಾಗಿ ಸಿದ್ಧಪಡಿಸಿದ ಮಸುಕಾದ ಪ್ರತಿಯಿಂದ ತೆಗೆದುದಾಗಿತ್ತು.

ಇಂತಹ ಸ್ಥಿತಿಯಲ್ಲಿ ಕೆಲವು ಅಭಿಮಾನಿಗಳು, ಹಕ್ಕುದಾರರ ಅನುಮತಿಯಾಗಲಿ ಧನಾಪೇಕ್ಷೆಯಾಗಲಿ ಇಲ್ಲದೆಯೇ, ಪಾಠಶೋಧನೆಗೆ ಕೈಹಾಕಿದರು. ಚೆಕ್ ದೇಶದ ಓರ್ವ ಅಭಿಮಾನಿಯು 2011ರ ಬ್ಲೂ-ರೇ ಪ್ರತಿಯನ್ನು ಆಧಾರಪ್ರತಿಯಾಗಿಟ್ಟುಕೊಂಡು, ಮಾರ್ಪಾಡಾದ ಸ್ಥಳಗಳಲ್ಲಿ ಮಾತ್ರ 2006ರ ಡಿವಿಡಿ, ದೂರದರ್ಶನದ ಪ್ರಸಾರ, ಹಳೆಯ ಫಿಲ್ಮಿನ ಚೂರುಗಳು ಮುಂತಾದ ಪ್ರತ್ಯಂತರಗಳಿಂದ ಬಿಂಬಗಳನ್ನು ಆಯ್ದು, ಬಣ್ಣವನ್ನು ಹೊಂದಿಸಿ, ಒಂದೊಂದು ಫ್ರೇಮನ್ನೂ ಸರಿಗೂಡಿಸಿದನು. ಬೇರೊಂದು ತಂಡದವರು 1977ರ 35 ಮಿಲಿಮೀಟರಿನ ಪ್ರತಿಗಳನ್ನೇ ಹುಡುಕಿ ತಂದು, 2018ರಲ್ಲಿ ಅವುಗಳಿಂದ ಪಾಠವನ್ನು ಸಿದ್ಧಗೊಳಿಸಿದರು. ಮೊದಲನೆಯದು ಮಿಶ್ರಪಾಠ, ಎರಡನೆಯದು ಏಕಕಾಲದ ಸಾಕ್ಷಿಗಳನ್ನು ನಂಬಿದ ಪಾಠ. ಪ್ರಥಮಪಾಠವೂ ಏಕರೂಪದ್ದಾಗಿರಲಿಲ್ಲವೆಂಬುದು ಇಲ್ಲಿ ಸ್ಮರಣೀಯ. 1977ರಲ್ಲಿಯೇ ಮೂರು ಬಗೆಯ ಧ್ವನಿಮಿಶ್ರಣಗಳು ಪ್ರಚಾರದಲ್ಲಿದ್ದುವು.

ಈ ಕ್ರಮವು ನಮಗೆ ಹೊಸತಲ್ಲ. ಪುಣೆಯ ಭಂಡಾರಕರ ಸಂಶೋಧನ ಮಂದಿರದವರು 1919ರಲ್ಲಿ ಆರಂಭಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣಕ್ಕೆ ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಪರಿಶೀಲಿಸಲಾಯಿತು. ಅಲ್ಲಿ ಸಂದಿಗ್ಧವಾದ ಪಾಠದ ಕೆಳಗೆ ಅಲೆಗೆರೆಯನ್ನೆಳೆದು ಓದುಗನನ್ನು ಎಚ್ಚರಿಸಿರುವರು. ತಳ್ಳಿಹಾಕಿದ ಶ್ಲೋಕಗಳನ್ನು ನಾಶಪಡಿಸದೆ ಅಡಿಟಿಪ್ಪಣಿಗೂ ಅನುಬಂಧಕ್ಕೂ ಸೇರಿಸಿರುವರು. ಚಿತ್ರದ ಪರಿಷ್ಕರ್ತರೂ ಯಾವ ಬಿಂಬವು ಯಾವ ಪ್ರತಿಯದೆಂಬುದನ್ನು ಹೀಗೆಯೇ ತಿಳಿಸದಿದ್ದರೆ, ಅವರ ಜೋಡಣೆಯು ಇನ್ನೊಂದು ಪ್ರಕ್ಷೇಪವೇ ಆಗುವುದು.

ಕರ್ತೃವಿಗೆ ತನ್ನ ಕೃತಿಯನ್ನು ತಿದ್ದುವ ಸ್ವಾತಂತ್ರ್ಯವಿಲ್ಲವೇ ಎಂದು ಆಕ್ಷೇಪಿಸಬಹುದು. ಇದೆ. ಸ್ವತಃ ಲ್ಯೂಕಸ್ ಅವರು 1988ರಲ್ಲಿ ಅಮೇರಿಕಾದ ಶಾಸನಸಭೆಯ ಮುಂದೆ, ಇತರರು ಲಾಭಕ್ಕಾಗಿ ಚಲಚ್ಚಿತ್ರಗಳನ್ನು ಮಾರ್ಪಡಿಸುವುದನ್ನು ಖಂಡಿಸಿ, ಕರ್ತೃವಿನ ಹಕ್ಕನ್ನು ಪ್ರತಿಪಾದಿಸಿದ್ದರು. ಆದರೆ ತಿದ್ದುವ ಹಕ್ಕು ಬೇರೆ, ಹಿಂದಿನದನ್ನು ಮರೆಮಾಡುವ ಹಕ್ಕು ಬೇರೆ. ಲಕ್ಷಾಂತರ ಜನರು ನೋಡಿ ನೆನಪಿನಲ್ಲಿಟ್ಟುಕೊಂಡ ಪಾಠವು ಸಹೃದಯರ ಸ್ವತ್ತೂ ಹೌದು. ಈ ಲೇಖಕನ ಊರಾದ ಶಂಕರನಾರಾಯಣದಲ್ಲಿ ಶಂಕರಲಿಂಗವೂ ನಾರಾಯಣಲಿಂಗವೂ ಒಂದೇ ಗರ್ಭಗುಡಿಯೊಳಗೆ ಪೂಜೆಗೊಳ್ಳುತ್ತವೆ. ಒಂದನ್ನು ಅರ್ಚಿಸಲು ಇನ್ನೊಂದನ್ನು ಕೀಳಬೇಕಾಗಿಲ್ಲ. ಎರಡು ಪಾಠಗಳೂ ಅಂತೆಯೇ ಇರಬಹುದಷ್ಟೆ.

ಇನ್ನು ನಮ್ಮ ನಾಡಿನ ಕೃತಿ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ 'ಘಟಶ್ರಾದ್ಧ'ವು ಅದೇ 1977ನೆಯ ವರ್ಷದ್ದು. ಆ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದುದು. ಮೂಲ ನೆಗೆಟಿವ್ ಸರಕಾರದ ಸಂಗ್ರಹಾಲಯದಲ್ಲಿ ಉಳಿದಿದ್ದುದರಿಂದ ಅದರ ಜೀರ್ಣೋದ್ಧಾರವು ಸಾಧ್ಯವಾಗಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಅದಕ್ಕೆ ಧನಸಹಾಯವಿತ್ತವರು ಹಾಬ್ಸನ್-ಲ್ಯೂಕಸ್ ಕುಟುಂಬ ಪ್ರತಿಷ್ಠಾನದವರೆಂಬುದು ಗಮನಾರ್ಹ. ಬದುಕಿರುವ ವ್ಯಕ್ತಿಯನ್ನು ಸತ್ತಳೆಂದು ಬಗೆದು, ಘಟವನ್ನೊಡೆದು ಬಹಿಷ್ಕರಿಸುವ ಕರ್ಮವೇ ಆ ಚಿತ್ರದ ಹೆಸರಿಗೆ ಕಾರಣ. ಉಳಿದಿರುವ ಪ್ರಥಮಪಾಠವನ್ನು ಇಲ್ಲವೆಂದು ಸಾರುವುದೂ ಅಂತಹದೇ ಒಂದು ಕರ್ಮವಲ್ಲದೆ ಮತ್ತೇನು?

ಉಳಿದಿರುವುದನ್ನು ತಳ್ಳಿಹಾಕುವುದು ಒಂದು ಬಗೆಯ ನಷ್ಟ. ಉಳಿಸಿಕೊಳ್ಳದೆ ಹೋಗುವುದು ಅದಕ್ಕಿಂತಲೂ ದೊಡ್ಡದು. ಕನ್ನಡದ ಮೊದಲ ವಾಕ್ಚಿತ್ರವಾಗಿ 1934ರ ಮಾರ್ಚಿ 3ರಂದು ತೆರೆಕಂಡ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ. ಸಾಕ್ಷಿಯೇ ಇಲ್ಲದಲ್ಲಿ ಎಂತಹ ಪಂಡಿತನೂ ಪಾಠವನ್ನು ನಿರ್ಣಯಿಸಲಾರನು. ಆದಕಾರಣ, ಹಳೆಯ ಟೂರಿಂಗ್ ಟಾಕೀಸಿನ ಡಬ್ಬಿಗಳಲ್ಲಿ ಉಳಿದ ರೀಲುಗಳಾಗಲಿ, ಮನೆಯ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿರುವ ವಿಡಿಯೋ ಕ್ಯಾಸೆಟ್ಟುಗಳಾಗಲಿ, ಎಷ್ಟೇ ಮಸುಕಾಗಿದ್ದರೂ ಓಲೆಗರಿಗಳಂತೆಯೇ ಸಂಗ್ರಹಾರ್ಹವಾದುವೆಂದು ಭಾವಿಸಿ, ಪಟ್ಟಿಮಾಡಿ, ರಕ್ಷಿಸುವುದು ವಿದ್ವತ್ಸಂಸ್ಥೆಗಳ ಕರ್ತವ್ಯವಾಗಿದೆ.