ಸೈನ್ಯವೃತ್ತಿ ಮತ್ತು ಮಹಿಳೆ: ಕಲಬುರಗಿ–ಕಮಲಾಪುರ ಪರಿಸರವನ್ನು ಅನುಲಕ್ಷಿಸಿ ಒಂದು ಚಾರಿತ್ರಿಕ ಅವಲೋಕನ

ಕರ್ನಾಟಕದ ಇತಿಹಾಸದಲ್ಲಿ ಶಸ್ತ್ರ ಹಿಡಿದ ಮಹಿಳೆಯರ ಉಲ್ಲೇಖಗಳಿಗೆ ಕೊರತೆಯಿಲ್ಲ. ಬೆಳವಡಿಯ ಮಲ್ಲಮ್ಮ, ಕೆಳದಿಯ ಚೆನ್ನಮ್ಮಾಜಿ, ಚಿತ್ರದುರ್ಗದ ಓಬವ್ವ, ಕಿತ್ತೂರಿನ ಚೆನ್ನಮ್ಮ ಮೊದಲಾದವರನ್ನು ಕುರಿತು ಸಾಕಷ್ಟು ಬರವಣಿಗೆ ನಡೆದಿದೆ. ಆದರೆ ಇವುಗಳಲ್ಲಿ ಬಹುಪಾಲು ಶೌರ್ಯವನ್ನು ಕುರಿತವೇ ಹೊರತು ವೃತ್ತಿಯನ್ನು ಕುರಿತವಲ್ಲ. ಆಪತ್ತಿನ ಗಳಿಗೆಯಲ್ಲಿ ಆಯುಧ ಹಿಡಿಯುವುದು ಬೇರೆ. ಸಂಬಳ, ಸ್ಥಾನ, ಮುಪ್ಪಿನ ಭದ್ರತೆಗಳನ್ನು ನೋಡಿ ಸೈನ್ಯವನ್ನು ಜೀವನೋಪಾಯವಾಗಿ ಆರಿಸಿಕೊಳ್ಳುವುದು ಬೇರೆ. ಸೈನ್ಯದ ಉದ್ಯೋಗವು ಮಹಿಳೆಯರನ್ನು ಎಷ್ಟರಮಟ್ಟಿಗೆ ಆಕರ್ಷಿಸಿದೆ ಎಂಬ ಪ್ರಶ್ನೆಯನ್ನು ಈ ಎರಡನೆಯ ನೆಲೆಯಿಂದ, ಕಲಬುರಗಿ ನಗರ ಹಾಗೂ ಕಮಲಾಪುರದ ಪರಿಸರವನ್ನು ಗಮನದಲ್ಲಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಇಲ್ಲಿ ಕಮಲಾಪುರವೆಂದರೆ ಹಂಪಿಯ ಬಳಿಯ ಕಮಲಾಪುರವಲ್ಲ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಮಾರ್ಗದಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಊರು. ಮೊದಲು ಕಲಬುರಗಿ ತಾಲ್ಲೂಕಿನ ಹೋಬಳಿಯಾಗಿದ್ದ ಇದು 2017-18ರಲ್ಲಿ ಹೊಸ ತಾಲ್ಲೂಕುಗಳು ರಚನೆಯಾದಾಗ ತಾಲ್ಲೂಕು ಕೇಂದ್ರವಾಯಿತು. ರಾಷ್ಟ್ರಕೂಟರ ಮಾನ್ಯಖೇಟ (ಮಳಖೇಡ), ಚಾಲುಕ್ಯರ ಕಲ್ಯಾಣ, ಬಹಮನಿಗಳ ಕಲಬುರಗಿ ಮತ್ತು ಬೀದರ್ ಎಂಬ ನಾಲ್ಕು ರಾಜಧಾನಿಗಳ ನಡುವಣ ನೆಲವಿದು. ಸೈನ್ಯಗಳ ಸಂಚಾರ ಈ ಪ್ರದೇಶಕ್ಕೆ ಅಪರಿಚಿತವಾದುದಲ್ಲ.

ಶಾಸನಗಳ ಸಾಕ್ಷ್ಯ

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಹಂತಗಳಿರುತ್ತವೆ. ಕೆಳಹಂತದಲ್ಲಿ ಕಾಳಗ, ನಡುವೆ ವೀರನನ್ನು ಸ್ವರ್ಗಕ್ಕೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಸ್ತ್ರೀ ಕಾಣಿಸಿಕೊಳ್ಳುವುದು ಹೆಚ್ಚಾಗಿ ನಡುವಣ ಹಂತದಲ್ಲಿ. ಹೆಣ್ಣಿನ ರಕ್ಷಣೆಗಾಗಿ ಮಡಿದವರ 'ಪೆಣ್ಬುಯಲ್' ಕಲ್ಲುಗಳಲ್ಲಿಯೂ ಆಕೆ ರಕ್ಷಣೆಗೆ ಒಳಗಾದವಳೇ ಹೊರತು ಹೋರಾಡಿದವಳಲ್ಲ. ಈ ಕ್ರಮಕ್ಕೆ ಅಪವಾದವಾಗಿರುವುದು ಶ್ರವಣಬೆಳಗೊಳದ ಸಾವಿಯಬ್ಬೆಯ ಸ್ಮಾರಕ. ಕ್ರಿ.ಶ. ಹತ್ತನೆಯ ಶತಮಾನದ ಈ ಕಲ್ಲಿನಲ್ಲಿ ಕುದುರೆಯ ಮೇಲೆ ಕುಳಿತ ಮಹಿಳೆಯೊಬ್ಬಳು ಕತ್ತಿಯೆತ್ತಿ ಆನೆಯ ಮೇಲಿನ ವೈರಿಯನ್ನು ಎದುರಿಸುತ್ತಿದ್ದಾಳೆ. ಪತಿ ಲೋಕವಿದ್ಯಾಧರನೊಂದಿಗೆ ಬಗೆಯೂರಿನ ಕಾಳಗಕ್ಕೆ ಹೋಗಿ ಆಕೆ ಅಲ್ಲಿಯೇ ಮಡಿದಳೆಂದು ತಿಳಿದುಬರುತ್ತದೆ. ಕಾಳಗದ ಹಂತದಲ್ಲಿಯೇ ಸ್ತ್ರೀಗೆ ಸ್ಥಾನ ನೀಡಿದ ಈ ಶಿಲ್ಪ ಅಪರೂಪವಾದುದು. ಆದರೂ ಶಾಸನಕಾರನು ಆಕೆಯನ್ನು ಹೊಗಳುವಾಗ ಪುರಾಣಪ್ರಸಿದ್ಧ ಪತಿವ್ರತೆಯರನ್ನೇ ಹೋಲಿಕೆಗೆ ತರುತ್ತಾನೆ. ಆಕೆಯ ಕತ್ತಿಗೆ ಕಲ್ಲಿನಲ್ಲಿ ಜಾಗ ದೊರೆಯಿತು, ಮಾತಿನಲ್ಲಿ ದೊರೆಯಲಿಲ್ಲ.

ಮಾನ್ಯಖೇಟದಿಂದ ಆಳಿದ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ನಾಗಾರ್ಜುನನು ಮರಣಹೊಂದಲು, ಆ ಅಧಿಕಾರವನ್ನು ಆತನ ಪತ್ನಿ ಜಕ್ಕಿಯಬ್ಬೆಗೆ ನೀಡಲಾಯಿತು. ಕ್ರಿ.ಶ. ಹತ್ತನೆಯ ಶತಮಾನದ ಆರಂಭದ ಈ ಶಾಸನ ಆಕೆಯ ಆಡಳಿತ ಸಾಮರ್ಥ್ಯವನ್ನೂ ಪರಾಕ್ರಮವನ್ನೂ ಪ್ರಶಂಸಿಸುತ್ತದೆ. ಇಷ್ಟರಿಂದಲೇ ಆಕೆ ರಣರಂಗದಲ್ಲಿ ಹೋರಾಡಿದಳೆಂದು ನಿರ್ಣಯಿಸುವುದು ಸರಿಯಾಗಲಾರದು. ರಕ್ಷಣೆಯ ಹೊಣೆಯುಳ್ಳ ಹುದ್ದೆಯೊಂದನ್ನು ಮಹಿಳೆ ನಿರ್ವಹಿಸಬಲ್ಲಳೆಂದು ರಾಷ್ಟ್ರಕೂಟ ಪ್ರಭುತ್ವ ಒಪ್ಪಿತ್ತೆಂಬುದು ಮಾತ್ರ ನಿಸ್ಸಂದೇಹ.

ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದರೆ ಅಕ್ಕಾದೇವಿಯ ವ್ಯಕ್ತಿತ್ವ ಎದ್ದು ಕಾಣುತ್ತದೆ. ಐದನೆಯ ವಿಕ್ರಮಾದಿತ್ಯ ಹಾಗೂ ಇಮ್ಮಡಿ ಜಯಸಿಂಹರ ಸೋದರಿಯಾದ ಈಕೆ 'ಗುಣದ ಬೆಡಂಗಿ' ಎಂಬ ಬಿರುದನ್ನು ಹೊಂದಿದ್ದಳು. ಕಿಸುಕಾಡು ಎಪ್ಪತ್ತು ಮೊದಲಾದ ಪ್ರದೇಶಗಳನ್ನು ದೀರ್ಘಕಾಲ ಆಳಿದಳು. ಕ್ರಿ.ಶ. 1047ರಲ್ಲಿ ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದುದು ಶಾಸನದಿಂದ ವ್ಯಕ್ತವಾಗುತ್ತದೆ. ಯುದ್ಧದಲ್ಲಿ ಆಕೆಯನ್ನು ಭೈರವಿಗೆ ಹೋಲಿಸಲಾಗಿದೆ.

ಈ ಮೂವರಲ್ಲಿ ಒಂದು ಸಮಾನ ಅಂಶವನ್ನು ಗುರುತಿಸಬಹುದು. ಒಬ್ಬಳು ಪತಿಯ ಜೊತೆಯಲ್ಲಿ, ಇನ್ನೊಬ್ಬಳು ಪತಿಯ ಸ್ಥಾನದಲ್ಲಿ, ಮತ್ತೊಬ್ಬಳು ರಾಜನ ಸೋದರಿಯಾಗಿ ಶಸ್ತ್ರದ ಲೋಕವನ್ನು ಪ್ರವೇಶಿಸಿದವರು. ಅಂದರೆ ಪ್ರವೇಶದ್ವಾರವಾಗಿದ್ದುದು ಮನೆತನ. ಮಡಿದ ವೀರನ ಕುಟುಂಬಕ್ಕೆ ನೀಡುತ್ತಿದ್ದ 'ನೆತ್ತರುಗೊಡಗೆ' ಎಂಬ ಭೂಮಿಯ ದತ್ತಿ ಕೂಡ ಸಾಮಾನ್ಯ ಮನೆತನದ ಹೆಣ್ಣನ್ನು ತಲುಪುತ್ತಿದ್ದುದು ಆಕೆ ವಿಧವೆಯಾದಾಗ. ಸಾಮಾನ್ಯ ಸ್ತ್ರೀಗೆ ಸೈನ್ಯವು ಸ್ವಂತ ಜೀವನೋಪಾಯವಾಗಿತ್ತೆಂಬುದಕ್ಕೆ ಈ ಶಾಸನಗಳಲ್ಲಿ ಆಧಾರ ದೊರೆಯುವುದಿಲ್ಲ.

ನಿಜಾಮರ ಸ್ತ್ರೀ ಪಲ್ಟನ್

ವೇತನ ಪಡೆಯುವ ಮಹಿಳಾ ಸೈನಿಕರ ಸ್ಪಷ್ಟ ನಿದರ್ಶನ ದೊರೆಯುವುದು, ಕಲಬುರಗಿಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ. 1762ರಿಂದ 1803ರವರೆಗೆ ಆಳಿದ ನಿಜಾಮ್ ಅಲಿ ಖಾನನು ತಲಾ ಸುಮಾರು ಒಂದು ಸಾವಿರ ಮಹಿಳೆಯರಿದ್ದ ಎರಡು ದಳಗಳನ್ನು ಇಟ್ಟುಕೊಂಡಿದ್ದನು. 'ಜಫರ್ ಪಲ್ಟನ್', ಅಂದರೆ ವಿಜಯಿ ದಳ, ಎಂದು ಇವುಗಳಿಗೆ ಹೆಸರಿತ್ತು. ಜನಾನಾದ ಒಳಗಾವಲು ಹಾಗೂ ರಾಜಪರಿವಾರದ ಸ್ತ್ರೀಯರ ಪ್ರಯಾಣ ಕಾಲದ ಬೆಂಗಾವಲು ಇವರ ಮುಖ್ಯ ಕರ್ತವ್ಯ. ಸಿಪಾಯಿಗಳ ಉಡುಪು ಧರಿಸಿ, ಬಂದೂಕು ಹಿಡಿದು, ಫ್ರೆಂಚ್ ಪದ್ಧತಿಯ ಕವಾಯತನ್ನು ಇವರು ಮಾಡುತ್ತಿದ್ದರು. ಅರಮನೆಯ ಹಿರಿಯ ಪರಿಚಾರಿಕೆಯರಾಗಿದ್ದ ಮಾಮಾ ಬರೂನ್ ಮತ್ತು ಮಾಮಾ ಚಂಪಾ ಇವುಗಳ ನಾಯಕಿಯರು. 1795ರ ಮಾರ್ಚಿನಲ್ಲಿ ಮರಾಠರೊಡನೆ ನಡೆದ ಖರ್ಡಾ ಯುದ್ಧದಲ್ಲಿ ನಿಜಾಮನ ಸೈನ್ಯ ಸೋತಿತು. ಅಲ್ಲಿ ಹಾಜರಿದ್ದ ಈ ಮಹಿಳೆಯರ ನಡತೆ ಉಳಿದ ಸೈನ್ಯಕ್ಕಿಂತ ಕೀಳಾಗಿರಲಿಲ್ಲವೆಂದು ಬ್ರಿಟಿಷ್ ವರದಿಯೊಂದು ದಾಖಲಿಸಿದೆ. ಹೊಗಳಿಕೆಯಲ್ಲಿಯೂ ಜಿಪುಣತನ ತೋರಿದ ಈ ವರದಿಯೇ, ಅವರ ವೇತನ ತಿಂಗಳಿಗೆ ಸುಮಾರು ಐದು ರೂಪಾಯಿ ಎಂಬ ಅಮೂಲ್ಯ ವಿವರವನ್ನೂ ಉಳಿಸಿಕೊಟ್ಟಿದೆ.

ಜಫರ್ ಪಲ್ಟನ್‌ನ ಚಾರಿತ್ರಿಕ ಮಹತ್ವವಿರುವುದು ಈ ವಿವರದಲ್ಲಿಯೇ. ಇಲ್ಲಿ ಬಿರುದಿಲ್ಲ, ವಂಶಾವಳಿಯಿಲ್ಲ. ನಿಗದಿತ ಕೆಲಸ ಮತ್ತು ಅದಕ್ಕೆ ನಿಗದಿತ ಸಂಬಳವಿದೆ. ಅಂತಹ ಅವಕಾಶ ಕಲ್ಪಿಸಿದಾಗ ಸಾವಿರಾರು ಮಹಿಳೆಯರು ದಳಕ್ಕೆ ಸೇರಿದರು. ನಂತರದ ನಿಜಾಮರ ಕಾಲದಲ್ಲಿ ಈ ದಳ ಕುಗ್ಗಿತು. ಯುದ್ಧದ ಹೊಣೆ ಬ್ರಿಟಿಷ್ ಅಧಿಕಾರಿಗಳ ಅಧೀನದ ಪಡೆಗಳಿಗೆ ವರ್ಗವಾಯಿತು. ಆ ಪಡೆಗಳಿಗೆ ಪುರುಷರನ್ನು ಮಾತ್ರ ಸೇರಿಸಿಕೊಳ್ಳಲಾಗುತ್ತಿತ್ತು. ಆಧುನಿಕವೆನಿಸಿದ ಸೈನ್ಯ ವ್ಯವಸ್ಥೆಯೇ ಮಹಿಳೆಗೆ ಇದ್ದ ಕಿರಿದಾದ ಅವಕಾಶವನ್ನು ಇಲ್ಲವಾಗಿಸಿತೆಂಬುದನ್ನು ಗಮನಿಸಬೇಕು.

ಈ ಪ್ರದೇಶದ ಜನರಿಗೆ 'ದಂಡು' ಎಂಬುದು ಗೌರವದ ಜೊತೆಗೆ ಭಯವನ್ನೂ ತರುವ ಮಾತಾಗಿತ್ತು. 1947-48ರ ರಜಾಕಾರರ ಹಾವಳಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಹಾಗೂ ಅದರ ಬೆನ್ನಿಗೆ ನಡೆದ ಪ್ರತೀಕಾರದ ಹಿಂಸೆಗಳಲ್ಲಿ ಕಲಬುರಗಿ ಜಿಲ್ಲೆ ತೀವ್ರವಾಗಿ ನೊಂದಿತು. ಎರಡೂ ಹಂತಗಳಲ್ಲಿ ಮಹಿಳೆಯರು ಅನುಭವಿಸಿದ ಕಷ್ಟ ಸಾಮಾನ್ಯವಾದುದಲ್ಲ. ಶಸ್ತ್ರಧಾರಿಯನ್ನು ಕಂಡರೆ ಮಗಳನ್ನು ಮರೆಮಾಡಬೇಕಾಗಿದ್ದ ಮನೆಯಿಂದ ಅದೇ ಮಗಳನ್ನು ಸಮವಸ್ತ್ರದಲ್ಲಿ ನೋಡಬಯಸುವ ಮನೆಯವರೆಗಿನ ಪಯಣವನ್ನು ಅಳೆಯುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ.

ಸ್ವಾತಂತ್ರ್ಯೋತ್ತರ ಬೆಳವಣಿಗೆಗಳು

ಎರಡನೆಯ ಮಹಾಯುದ್ಧದ ಅಗತ್ಯಕ್ಕಾಗಿ 1942ರಲ್ಲಿ ರಚಿತವಾದ ಮಹಿಳಾ ಸಹಾಯಕ ದಳವು ಯುದ್ಧಾನಂತರ ವಿಸರ್ಜನೆಯಾಯಿತು. ಆ ನಂತರ ವೈದ್ಯಕೀಯ ಮತ್ತು ಶುಶ್ರೂಷಾ ವಿಭಾಗಗಳನ್ನುಳಿದು ಸೈನ್ಯದಲ್ಲಿ ಮಹಿಳೆಗೆ ಸ್ಥಾನವಿರಲಿಲ್ಲ. 1949ರಲ್ಲಿ ಎನ್.ಸಿ.ಸಿ.ಯ ಬಾಲಿಕಾ ವಿಭಾಗ ಆರಂಭವಾಯಿತು. 1969ರಲ್ಲಿ ಕಿತ್ತೂರಿನಲ್ಲಿ ಬಾಲಕಿಯರಿಗಾಗಿ ರಾಣಿ ಚೆನ್ನಮ್ಮ ವಸತಿ ಸೈನಿಕ ಶಾಲೆ ಸ್ಥಾಪನೆಯಾಯಿತು. ಹುಡುಗಿಯರಿಗೆ ಸೈನಿಕ ಶಿಸ್ತಿನ ಶಿಕ್ಷಣ ದೊರೆತರೂ, ಸೇನೆಯ ಇತರ ವಿಭಾಗಗಳಲ್ಲಿ ಅಧಿಕಾರಿಗಳಾಗುವ ಅವಕಾಶಕ್ಕಾಗಿ 1992ರವರೆಗೆ, ಅಂದರೆ ಇಪ್ಪತ್ತಮೂರು ವರ್ಷ, ಕಾಯಬೇಕಾಯಿತು.

1992ರ ಅವಕಾಶವೂ ಅಲ್ಪಾವಧಿ ಸೇವೆಗೆ ಸೀಮಿತವಾಗಿತ್ತು. ಮೊದಲು ಐದು ವರ್ಷಗಳಿದ್ದ ಅವಧಿ ಕ್ರಮೇಣ ಹದಿನಾಲ್ಕು ವರ್ಷಗಳಿಗೆ ವಿಸ್ತರಣೆಯಾಯಿತು. ಅಧಿಕಾರಿಗಳಿಗೆ ನಿವೃತ್ತಿವೇತನ ದೊರೆಯಲು ಇಪ್ಪತ್ತು ವರ್ಷಗಳ ಸೇವೆ ಅಗತ್ಯ. ಹೀಗಾಗಿ ಯೌವನದ ಹದಿನಾಲ್ಕು ವರ್ಷಗಳನ್ನು ಸೈನ್ಯಕ್ಕೆ ನೀಡಿದ ಮಹಿಳೆ ನಿವೃತ್ತಿವೇತನವಿಲ್ಲದೆ ಹೊರಬರುತ್ತಿದ್ದಳು. 2020ರ ಫೆಬ್ರವರಿ 17ರಂದು ಸರ್ವೋಚ್ಚ ನ್ಯಾಯಾಲಯವು ಸೇನೆಯ ಹತ್ತು ವಿಭಾಗಗಳಲ್ಲಿ ಮಹಿಳೆಯರಿಗೂ ಕಾಯಂ ಸೇವೆ ನೀಡಬೇಕೆಂದು ತೀರ್ಪಿತ್ತಿತು. ಗ್ರಾಮೀಣ ಹಿನ್ನೆಲೆಯ ಸೈನಿಕರು ಮಹಿಳೆಯ ನಾಯಕತ್ವವನ್ನು ಒಪ್ಪಲಾರರೆಂಬ ಸರ್ಕಾರದ ವಾದವನ್ನು ನ್ಯಾಯಾಲಯ ತಿರಸ್ಕರಿಸಿತು. ಅಕ್ಕಾದೇವಿಯ ಮುತ್ತಿಗೆಯನ್ನು ಕಂಡ ನಾಡಿನ ಇತಿಹಾಸವೂ ಆ ವಾದಕ್ಕೆ ಬೆಂಬಲ ನೀಡುವುದಿಲ್ಲ.

ಈ ಬೆಳವಣಿಗೆಗಳಲ್ಲಿ ಕರ್ನಾಟಕದ ಪಾಲು ಗಣನೀಯ. 2016ರ ಜೂನ್ 18ರಂದು ಹೈದರಾಬಾದಿನ ಬಳಿಯ ದುಂಡಿಗಲ್‌ನಲ್ಲಿ ವಾಯುಪಡೆ ಸೇರಿದ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್ ಮತ್ತು ಮೋಹನಾ ಸಿಂಗ್ ಮುಂದಿನ ತರಬೇತಿಗಾಗಿ ಬಂದದ್ದು ಬೀದರಿನ ವಾಯುನೆಲೆಗೆ. ಕಲಬುರಗಿಯನ್ನು ಬೀದರಿಗೆ ಜೋಡಿಸುವ, 2017ರಲ್ಲಿ ಉದ್ಘಾಟನೆಗೊಂಡ ರೈಲುಮಾರ್ಗ ಕಮಲಾಪುರದ ಮೂಲಕವೇ ಹಾದುಹೋಗುತ್ತದೆ. 2018ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನುಭೋಗ ಈ ಸಾಲಿಗೆ ಸೇರಿದರು. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡದ 83 ಮಂದಿ ಬೆಂಗಳೂರಿನಲ್ಲಿ ತರಬೇತಿ ಪಡೆದು 2021ರ ಮೇ 8ರಂದು ಸೇವೆಗೆ ಸೇರ್ಪಡೆಯಾದರು. ವಾಯುಪಡೆಯ ಮೊದಲ ಮಹಿಳಾ ಅಗ್ನಿವೀರರ ತಂಡ 2023ರ ಡಿಸೆಂಬರಿನಲ್ಲಿ ಬೆಳಗಾವಿಯ ತರಬೇತಿ ಶಾಲೆಯಿಂದ ಹೊರಬಂದಿತು.

ಆಕರ್ಷಣೆ ಮತ್ತು ಅವಕಾಶ

ಮಹಿಳೆಯರಿಗೆ ಸೈನ್ಯದಲ್ಲಿ ಆಸಕ್ತಿ ಕಡಿಮೆ ಎಂಬ ಅಭಿಪ್ರಾಯವನ್ನು ಈಚಿನ ಅಂಕಿ-ಅಂಶಗಳು ಪುಷ್ಟೀಕರಿಸುವುದಿಲ್ಲ. 2019ರಲ್ಲಿ ಸೇನಾ ಪೊಲೀಸ್ ದಳದ 100 ಸ್ಥಾನಗಳಿಗೆ ಸುಮಾರು ಎರಡು ಲಕ್ಷ ಯುವತಿಯರು ಹೆಸರು ನೋಂದಾಯಿಸಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ 2021ರಲ್ಲಿ ಮೊದಲ ಬಾರಿಗೆ ಮಹಿಳೆಯರಿಗೆ ತೆರೆದಾಗ ಅರ್ಜಿ ಸಲ್ಲಿಸಿದವರು 1,77,654 ಮಂದಿ. ಅವರಿಗಿದ್ದ ಸ್ಥಾನಗಳು ಕೇವಲ 19. ಈ ಪ್ರಮಾಣವನ್ನು ನೋಡಿದ ಮೇಲೆ ಆಕರ್ಷಣೆಯ ಕೊರತೆಯನ್ನು ಕುರಿತು ಚರ್ಚಿಸುವುದಕ್ಕಿಂತ ಅವಕಾಶದ ಸ್ವರೂಪವನ್ನು ಪರಿಶೀಲಿಸುವುದು ಹೆಚ್ಚು ಉಪಯುಕ್ತ.

ಕಲಬುರಗಿ ಮತ್ತು ಕಮಲಾಪುರದ ಮಟ್ಟಿಗೆ ಅವಕಾಶವು ಸೈನ್ಯದ ನೇಮಕಾತಿ ಕಚೇರಿಗಿಂತ ಬಹಳ ಮೊದಲೇ, ಶಾಲೆಯಲ್ಲಿಯೇ, ನಿರ್ಧಾರವಾಗುತ್ತದೆ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸ್ತ್ರೀ ಸಾಕ್ಷರತೆ ಶೇ. 55ರಷ್ಟಿದ್ದರೆ ಪುರುಷರದು ಶೇ. 74ರಷ್ಟಿತ್ತು. ಸೇನಾ ಪೊಲೀಸ್ ದಳಕ್ಕೆ ಸೇರಲು ಹತ್ತನೆಯ ತರಗತಿಯ ತೇರ್ಗಡೆ ಕನಿಷ್ಠ ಅರ್ಹತೆ. ಅರ್ಜಿಗಳು ಮಿತಿಮೀರಿದಾಗ ಅಂಕಗಳೇ ಜರಡಿಯಾಗುತ್ತವೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ. 42.43 ಫಲಿತಾಂಶದೊಡನೆ ರಾಜ್ಯದಲ್ಲಿ ಕೊನೆಯ ಸ್ಥಾನದಲ್ಲಿತ್ತು. ಇದಲ್ಲದೆ 2019ರ ನೇಮಕಾತಿಗೆ ವಯೋಮಿತಿ ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷ, ಮತ್ತು ಅಭ್ಯರ್ಥಿ ಅವಿವಾಹಿತೆಯಾಗಿರಬೇಕೆಂಬ ನಿಬಂಧನೆಯಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಮದುವೆಯ ಮಾತು ಬರುವುದೂ ಇದೇ ವಯಸ್ಸಿನಲ್ಲಿ. ಅಂದು ದಕ್ಷಿಣದ ರಾಜ್ಯಗಳ ಯುವತಿಯರಿಗಾಗಿ ನೇಮಕಾತಿ ಮೇಳ ನಡೆದದ್ದು ಬೆಳಗಾವಿಯಲ್ಲಿ. ರಾಜ್ಯದ ಈಶಾನ್ಯ ಮೂಲೆಯಿಂದ ವಾಯವ್ಯ ಮೂಲೆಗೆ ಮಗಳನ್ನು ಕರೆದೊಯ್ಯುವ ಖರ್ಚು ಮತ್ತು ಧೈರ್ಯ ಎಲ್ಲ ಮನೆಗಳಿಗೂ ಇರುವುದಿಲ್ಲ.

ನಗರ ಮತ್ತು ಗ್ರಾಮಗಳ ವ್ಯತ್ಯಾಸವನ್ನೂ ಇಲ್ಲಿ ಗಮನಿಸಬೇಕು. ಕಲಬುರಗಿ ನಗರದಲ್ಲಿ ಮಹಿಳಾ ಕಾಲೇಜುಗಳಿವೆ, 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವಿದೆ, ಎನ್.ಸಿ.ಸಿ. ದಳವಿದೆ. ಪದವಿ ಮುಗಿಸಿದ ನಗರದ ಯುವತಿ ಅಧಿಕಾರಿಯ ಹುದ್ದೆಗೆ ಪ್ರಯತ್ನಿಸಬಲ್ಲಳು. ಕಮಲಾಪುರದ ಸುತ್ತಣ ಹಳ್ಳಿಯ, ಹತ್ತನೆಯ ತರಗತಿಗೆ ಓದು ನಿಲ್ಲಿಸಿದ ಯುವತಿಗೆ ಉಳಿಯುವುದು ಕೆಳಹಂತದ ಹುದ್ದೆ ಮಾತ್ರ. ಆ ಹಂತದಲ್ಲಿ 2022ರಿಂದ ಅಗ್ನಿಪಥ ಯೋಜನೆ ಜಾರಿಯಲ್ಲಿದ್ದು, ಸೇವೆಯ ಅವಧಿ ನಾಲ್ಕು ವರ್ಷ, ಕಾಯಂ ಸೇವೆಗೆ ಆಯ್ಕೆಯಾಗುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು, ಉಳಿದವರಿಗೆ ನಿವೃತ್ತಿವೇತನವಿಲ್ಲ. ಈ ನಿಯಮ ಪುರುಷರಿಗೂ ಸಮಾನವೆಂಬುದು ನಿಜ. ಆದರೆ ಇಪ್ಪತ್ತೆರಡು, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಊರಿಗೆ ಮರಳುವ ಯುವಕನಿಗೂ ಯುವತಿಗೂ ಎದುರಾಗುವ ಸಾಮಾಜಿಕ ಪರಿಸ್ಥಿತಿ ಸಮಾನವಾದುದಲ್ಲ. ಅಧಿಕಾರಿ ಮಹಿಳೆಯರು 2020ರಲ್ಲಿ ನ್ಯಾಯಾಲಯದಿಂದ ಪಡೆದ ದೀರ್ಘಸೇವೆಯ ಭದ್ರತೆ ಹಳ್ಳಿಯ ಹುಡುಗಿಗೆ ಇನ್ನೂ ದೊರೆತಿಲ್ಲ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ವ್ಯಕ್ತವಾಗುವುದಿಷ್ಟು. ಸೈನ್ಯವು ಮಹಿಳೆಯನ್ನು ಸ್ವೀಕರಿಸಿದ ಪ್ರತಿಯೊಂದು ಕಾಲದಲ್ಲಿಯೂ ಮಹಿಳೆ ಮುಂದೆ ಬಂದಿದ್ದಾಳೆ. ಶಾಸನಗಳ ಕಾಲದಲ್ಲಿ ಪ್ರವೇಶಕ್ಕೆ ಮನೆತನ ಬೇಕಾಗಿತ್ತು. ನಿಜಾಮರ ಕಾಲದಲ್ಲಿ ಅರಮನೆಯ ಸಂಪರ್ಕ ಬೇಕಾಗಿತ್ತು. ಇಂದು ಅಂಕಪಟ್ಟಿ ಬೇಕಾಗಿದೆ. ಮೊದಲೆರಡನ್ನು ಸಾಮಾನ್ಯ ಸ್ತ್ರೀ ತಾನಾಗಿ ಸಂಪಾದಿಸುವಂತಿರಲಿಲ್ಲ. ಮೂರನೆಯದನ್ನು ಸಂಪಾದಿಸಬಹುದು; ಆದರೆ ಅದಕ್ಕೆ ಶಾಲೆ, ಸಮಯ ಮತ್ತು ಮನೆಯವರ ಒಪ್ಪಿಗೆಗಳು ಒದಗಬೇಕು. ಪ್ರವೇಶದ ಜೊತೆಗೆ, ಸೇವೆಯ ನಂತರ ದೊರೆಯುವುದೇನು ಎಂಬ ಪ್ರಶ್ನೆಯೂ ನೆತ್ತರುಗೊಡಗೆಯ ಕಾಲದಿಂದ ಅಗ್ನಿಪಥದವರೆಗೆ ಉಳಿದುಬಂದಿದೆ. ಜಫರ್ ಪಲ್ಟನ್‌ನ ಮಹಿಳೆಯರಲ್ಲಿ ಇಬ್ಬರು ನಾಯಕಿಯರ ಹೆಸರುಗಳನ್ನು ಮೇಲಿನ ವರದಿ ತಿಳಿಸುತ್ತದೆ. ಸೈನಿಕರಾಗಿದ್ದ ಉಳಿದವರನ್ನು ಅದು ಸಂಖ್ಯೆಯಾಗಿ ಮಾತ್ರ ಕಾಣಿಸುತ್ತದೆ. ಇಂದು ಕಲಬುರಗಿ, ಕಮಲಾಪುರಗಳಿಂದ ಸೈನ್ಯ, ಅರೆಸೈನಿಕ ಪಡೆ ಹಾಗೂ ಶುಶ್ರೂಷಾ ಸೇವೆಗಳಿಗೆ ಹೋಗುವ ಯುವತಿಯರ ಅನುಭವಗಳನ್ನು ಅವರ ಮಾತಿನಲ್ಲಿಯೇ ದಾಖಲಿಸಿಕೊಳ್ಳುವ ಕಾರ್ಯವನ್ನು ಈ ಭಾಗದ ಸಂಶೋಧಕರು ಈಗಲೇ ಕೈಗೊಳ್ಳುವುದು ಅವಶ್ಯಕವಾಗಿದೆ.