ಕಂಡದ್ದು, ಕೈಗೆ ಬಂದದ್ದು: ಹಿಂದಿ ಭವನದ ಭಿತ್ತಿಚಿತ್ರ ಮತ್ತು ಕಲಾಭವನದ ಇಬ್ಬರು ವಿದ್ಯಾರ್ಥಿಗಳು

ಶಾಂತಿನಿಕೇತನದ ಬಯಲು ಶಿಲ್ಪಗಳೂ ಗೋಡೆಚಿತ್ರಗಳೂ ಅಲ್ಲಿನ ಕಲಾವಿದ್ಯಾರ್ಥಿಗಳನ್ನು ಹೇಗೆ ತಿದ್ದಿದವು ಎಂಬ ಚರ್ಚೆಯಲ್ಲಿ ಸತ್ಯಜಿತ್ ರಾಯ್ ಅವರ ಸಾಕ್ಷ್ಯಕ್ಕೆ ಮೊದಲ ಮಣೆ. 1940ರಲ್ಲಿ ಕಲಾಭವನಕ್ಕೆ ಸೇರಿದ ರಾಯ್, ವಿದ್ಯಾರ್ಥಿನಿಲಯದ ಛಾವಣಿಯ ಒಳಮೈಗೆ ಬಿನೋದ್ ಬಿಹಾರಿ ಮುಖರ್ಜಿ ಬರೆದಿದ್ದ ಬೀರ್‌ಭೂಮ್ ಸೀಮೆಯ ಚಿತ್ರಕ್ಕೆ ಮಾರುಹೋದರು. 1942ರಲ್ಲಿ ಓದು ಮುಗಿಸದೆಯೇ ಅಲ್ಲಿಂದ ಹೊರಟರೂ ಗುರುವಿನ ನಂಟು ಬಿಡಲಿಲ್ಲ. 1972ರಲ್ಲಿ, ಆ ಹೊತ್ತಿಗೆ ಪೂರ್ತಿ ಕುರುಡರಾಗಿದ್ದ ಬಿನೋದ್ ಬಿಹಾರಿಯವರನ್ನು ಕುರಿತು ‘ದಿ ಇನ್ನರ್ ಐ’ ಎಂಬ ಸಾಕ್ಷ್ಯಚಿತ್ರ ತೆಗೆದರು. ಈ ಕಥನದಿಂದ ಒಂದು ಸಿದ್ಧಾಂತ ಸಲೀಸಾಗಿ ಹೊರಡುತ್ತದೆ: ದಿನವೂ ಕಣ್ಣಿಗೆ ಬೀಳುವ ಕೃತಿಗಳ ನಡುವೆ ಬದುಕಿದ ವಿದ್ಯಾರ್ಥಿಗೆ ನೋಟದಿಂದಲೇ ಪ್ರೇರಣೆ ಸಿಕ್ಕಿತು. ಈ ಸಿದ್ಧಾಂತ ಅರ್ಧ ಮಾತ್ರ ನಿಜ ಎಂಬುದು ನನ್ನ ತಕರಾರು. ಆ ತಕರಾರಿಗೆ ಬೇಕಾದ ಪುರಾವೆಯಲ್ಲಿ ಒಂದು ಭಾಗ ರಾಯ್ ಅವರ ಚಿತ್ರದಲ್ಲೇ ಇದೆ.

ವಿದ್ವಾಂಸರಲ್ಲಿ ಒಮ್ಮತವಿರುವ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. 1919ರಲ್ಲಿ ಆರಂಭವಾದ ಕಲಾಭವನ ನಂದಲಾಲ್ ಬೋಸ್ ಅವರ ಹೊಣೆಗೆ ಬಂದ ಮೇಲೆ ಗೋಡೆ ಅಲ್ಲಿ ಪಾಠದ ಹಲಗೆಯೂ ಆಯಿತು. ಶ್ರೀನಿಕೇತನದ ಹಲಕರ್ಷಣ ಭಿತ್ತಿಚಿತ್ರ, ವಿದ್ಯಾರ್ಥಿಗಳ ಕೈಯಿಂದಲೇ ಉಬ್ಬುಶಿಲ್ಪ ಮೂಡಿದ ಮಣ್ಣಿನ ‘ಕಾಲೊ ಬಾಡಿ’, ಕಂಚಿಗೆ ಹಣವಿಲ್ಲದ ಕಾಲದಲ್ಲಿ ರಾಮಕಿಂಕರ್ ಬೈಜ್ ಸಿಮೆಂಟಿಗೆ ಕೆಂಪು ಜಂಬಿಟ್ಟಿಗೆಯ ಹರಳು ಬೆರೆಸಿ 1938ರಲ್ಲಿ ನಿಲ್ಲಿಸಿದ ‘ಸಂತಾಲ ಕುಟುಂಬ’, ಇವೆಲ್ಲ ಎಲ್ಲರಿಗೂ ಗೊತ್ತಿರುವಂಥವು. ಈ ಕಲಾವಿದರನ್ನು ಒಂದೇ ಶೈಲಿಯ ದಾರದಲ್ಲಿ ಪೋಣಿಸಲಾಗದು, ಇವರ ಆಧುನಿಕತೆ ತಮ್ಮ ಸಂದರ್ಭಕ್ಕೆ ತಾವು ಕೊಟ್ಟ ಉತ್ತರಗಳಲ್ಲಿದೆ ಎಂದು ಆರ್. ಶಿವಕುಮಾರ್ 1997ರಲ್ಲಿ ಮಂಡಿಸಿದ ವಾದವನ್ನು ಅಲುಗಾಡಿಸುವ ಪ್ರಯತ್ನ ಇಲ್ಲಿಲ್ಲ. ಪಾರ್ಥ ಮಿತ್ತರ್ 2007ರ ತಮ್ಮ ಗ್ರಂಥದಲ್ಲಿ ಎತ್ತಿದ ಆದಿಮತೆಯ ಪ್ರಶ್ನೆಯೂ ಈ ಲೇಖನದ ಹೊರಗಿನದು. ‘ಸಂದರ್ಭ’ವನ್ನು ಕಣ್ಣಿಗೆ ಕಾಣುವ ಪರಿಸರ ಎಂದಷ್ಟೇ ಓದುವ ನಂತರದ ರೂಢಿಯನ್ನು ಮಾತ್ರ ನಾನು ಒಪ್ಪಲಾರೆ. ಗುರುವಿನ ರೇಖೆ ಶಿಷ್ಯನಲ್ಲಿ ಎಲ್ಲಿ ಮರುಕಳಿಸಿದೆ ಎಂದು ಹುಡುಕಿ, ಸಿಕ್ಕಿದ ಕೂಡಲೇ ಕಡತ ಮುಚ್ಚುವ ಅಭ್ಯಾಸ ಪ್ರದರ್ಶನದ ಕೈಪಿಡಿಗಳಿಗೆ ಒಗ್ಗೀತು.

ವಿವಾದದ ಕೇಂದ್ರ ಶಾಂತಿನಿಕೇತನದ ಹಿಂದಿ ಭವನದ ಭಿತ್ತಿಚಿತ್ರ. 1946–47ರಲ್ಲಿ ಬಿನೋದ್ ಬಿಹಾರಿ ಅಲ್ಲಿನ ಕೋಣೆಯೊಂದರ ಮೂರು ಗೋಡೆಗಳ ಮೇಲರ್ಧದಲ್ಲಿ ಮಧ್ಯಯುಗದ ಸಂತರ ಬದುಕನ್ನು ಬರೆದರು. ರಾಮಾನುಜ, ಕಬೀರ, ರವಿದಾಸ, ಸೂರದಾಸ, ತುಲಸೀದಾಸ, ಗುರು ಗೋವಿಂದ ಸಿಂಗ್, ಇವರ ಸುತ್ತ ಹೆಸರಿಲ್ಲದ ನೂರಾರು ಜನ. ಕ್ಷಿತಿಮೋಹನ ಸೇನರ ಸಂತಸಾಹಿತ್ಯದ ಸಂಶೋಧನೆ, ಹಿಂದಿ ಭವನದಲ್ಲೇ ಇದ್ದ ಹಜಾರಿ ಪ್ರಸಾದ್ ದ್ವಿವೇದಿಯವರ ಕಬೀರ ಅಧ್ಯಯನ, ಇವೆರಡೂ ಆಗ ಅಲ್ಲಿನ ಗಾಳಿಯಲ್ಲಿದ್ದವು. (ಮೇಲುಕೋಟೆಯನ್ನು ಬಲ್ಲ ಕನ್ನಡಿಗರು ಇಲ್ಲಿನ ರಾಮಾನುಜರನ್ನು ಉತ್ತರದ ಸಂತರ ಸಾಲಿನಲ್ಲಿ ಕಂಡು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದು ಬೇರೆಯೇ ಲೇಖನಕ್ಕೆ ವಸ್ತು.) ಈ ಚಿತ್ರವನ್ನು ಬಣ್ಣಿಸುವವರೆಲ್ಲ ಹೊಳೆಯ ಹರಿವಿನ ಮಾತಾಡುತ್ತಾರೆ. ರಾಯ್ ಅವರ ಕ್ಯಾಮೆರಾ ಗೋಡೆಯುದ್ದಕ್ಕೂ ಸಾಗುವಾಗ ನೋಡುಗನಿಗೂ ಹಾಗೆಯೇ ಅನಿಸುತ್ತದೆ.

ಆದರೆ ಚಿತ್ರ ಗೋಡೆಯ ಮೇಲೆ ಮೂಡಿದ ಕಾಲದಲ್ಲಿ ರಾಯ್ ಅಲ್ಲಿರಲಿಲ್ಲ. ಅವರ ಸಾಕ್ಷ್ಯ ಮುಗಿದ ಕೃತಿಯ ನೋಡುಗನ ಸಾಕ್ಷ್ಯ. ಅಲ್ಲಿದ್ದು ಕೈಜೋಡಿಸಿದವರಲ್ಲಿ ಲೀಲಾ ಮುಖರ್ಜಿ, ಜಿತೇಂದ್ರ ಕುಮಾರ್ ಮುಂತಾದವರ ಜೊತೆ ಕೆ.ಜಿ. ಸುಬ್ರಹ್ಮಣ್ಯನ್ ಇದ್ದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, 1944ರಲ್ಲಿ ಕಲಾಭವನಕ್ಕೆ ಬಂದ ವಿದ್ಯಾರ್ಥಿ ಅವರು. ಅವರಿಗೆ ಆ ಗೋಡೆ ಹರಿವಾಗಿ ಒದಗುವ ಮೊದಲು ತುಂಡುಗಳಾಗಿ ಒದಗಿತ್ತು. ಇದನ್ನು ತುಸು ಬಿಡಿಸಿ ಹೇಳಬೇಕು.

ಹಿಂದಿ ಭವನದ್ದು ಹಸಿ ಗಾರೆಯ ಮೇಲಿನ ಚಿತ್ರ. ಅಂಥ ಚಿತ್ರದಲ್ಲಿ ಬಣ್ಣವನ್ನು ಹಿಡಿದಿಡಲು ಅಂಟು ಬೇಕಿಲ್ಲ. ನೀರಲ್ಲಿ ಕಲಸಿದ ಬಣ್ಣವನ್ನು ಸುಣ್ಣದ ಗಾರೆ ಹಸಿಯಿರುವಾಗಲೇ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಗಟ್ಟಿಯಾಗುತ್ತ ಬಣ್ಣವನ್ನು ತನ್ನೊಳಗೆ ಸೆರೆಹಿಡಿಯುತ್ತದೆ. ಆದ್ದರಿಂದ ಅಂದು ಬರೆದು ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುತ್ತಾರೆ. ಸಂಜೆಗೆ ಉಳಿದ ಬರಿ ಗಾರೆಯನ್ನು ಅಂಚು ಓರೆಯಾಗುವಂತೆ ಕೊಯ್ದು ತೆಗೆಯುತ್ತಾರೆ. ಮರುದಿನದ ಗಾರೆ ಆ ಅಂಚಿಗೆ ಕೂಡಿಕೊಳ್ಳಬೇಕು. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ನಿನ್ನೆಯ ಹಸಿರಿಗೂ ಇಂದಿನ ಹಸಿರಿಗೂ ಮೇಳವನ್ನು ಮೊದಲೇ ಊಹಿಸಿರಬೇಕು. ತಪ್ಪಿದರೆ ಗಾರೆ ಕೆತ್ತಿ ಮತ್ತೆ ಬಳಿಯದೆ ಗತ್ಯಂತರವಿಲ್ಲ. ಹೀಗೆ ಎಲ್ಲಿ ನಿಲ್ಲಿಸುವುದು ಎಂಬುದು ಪ್ರತಿದಿನದ ನಿರ್ಧಾರ. ಜಾಣ ಕೆಲಸಗಾರರು ಆ ಕೀಲನ್ನು ಹೆಗಲ ಗೆರೆಯಲ್ಲೋ ಗೋಡೆಯ ನೆರಳಲ್ಲೋ ಅಡಗಿಸುತ್ತಾರೆ.

ಹಿಂದಿ ಭವನದಲ್ಲಿ ಈ ನಿರ್ಧಾರಕ್ಕೆ ಇನ್ನಷ್ಟು ಬಿಗುವು ಬಂದಿತ್ತು. ಬಿನೋದ್ ಬಿಹಾರಿ ಗೋಡೆಯಳತೆಯ ಪೂರ್ಣ ರೇಖಾಚಿತ್ರ ಮಾಡಿ ಅದನ್ನು ಗಾರೆಗೆ ಇಳಿಸುವ ಕ್ರಮವನ್ನು ಕೈಬಿಟ್ಟಿದ್ದರು. ಚಿಕ್ಕ ಕರಡುಗಳನ್ನು ಇಟ್ಟುಕೊಂಡು ನೇರವಾಗಿ ಬರೆದರು. ಅವರ ಒಂದು ಕಣ್ಣಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ, ಇನ್ನೊಂದರದು ತೀವ್ರ ಸಮೀಪದೃಷ್ಟಿ. ಸಾರವೆಯಿಂದ ಇಳಿದು ದೂರ ನಿಂತು ಇಡೀ ಗೋಡೆಯನ್ನು ಒಂದೇ ನೋಟಕ್ಕೆ ತೂಗುವುದು ಬೇರೆಯವರಿಗೆ ಆದಷ್ಟು ಸುಲಭವಾಗಿ ಅವರಿಗೆ ಆಗುವಂತಿರಲಿಲ್ಲ. ಈ ದೃಷ್ಟಿದೋಷಕ್ಕೆ ದಿವ್ಯತೆಯ ಪ್ರಭೆ ತೊಡಿಸುವ ಬರಹಗಳು ಸಾಕಷ್ಟಿವೆ, ಅದಕ್ಕೆ ಇನ್ನೊಂದು ಸೇರಿಸುವುದು ನನಗೆ ಬೇಡ. ನಾನು ಹೇಳುವುದು ಇಷ್ಟೇ: ಇಡಿಯ ರಚನೆ ಬಿಡಿಗಳ ನಡುವಣ ಲೆಕ್ಕಾಚಾರದಲ್ಲಿ ಇತ್ತು, ಆ ಲೆಕ್ಕಾಚಾರವನ್ನು ಪಕ್ಕದಲ್ಲಿದ್ದ ಸಹಾಯಕರಿಗೂ ತಿಳಿಸದೆ ಕೆಲಸ ಸಾಗುತ್ತಿರಲಿಲ್ಲ.

ಈಗ ಲಖನೌಗೆ ಬರೋಣ. 1962–63ರಲ್ಲಿ ಸುಬ್ರಹ್ಮಣ್ಯನ್ ಅಲ್ಲಿನ ರವೀಂದ್ರಾಲಯದ ಹೊರಗೋಡೆಗೆ ಸುಮಾರು 80 ಅಡಿ ಉದ್ದದ ಸುಟ್ಟಮಣ್ಣಿನ ಭಿತ್ತಿ ರಚಿಸಿದರು. ವಸ್ತು ರವೀಂದ್ರನಾಥರ ‘ರಾಜಾ’ ನಾಟಕ. ಸಣ್ಣ ಸಣ್ಣ ಹಂಚಿನ ತುಂಡುಗಳು ಒಂದಕ್ಕೊಂದು ಕೂಡಿ ಇಲ್ಲಿ ಮುಖ, ತೋಳು, ಮರ, ಕಿರೀಟ ಆಗುತ್ತವೆ. ಗುರುವಿನ ಗೋಡೆಯ ಬಣ್ಣ, ರೇಖೆ, ಜನಜಂಗುಳಿ ಯಾವುದೂ ಇಲ್ಲಿಗೆ ಬಂದಿಲ್ಲ. ಹೋಲಿಕೆ ಹುಡುಕುವ ವಿಮರ್ಶೆ ಈ ಎರಡು ಕೃತಿಗಳ ನಡುವೆ ದಾಟಲಾರದೆ ನಿಲ್ಲುವುದು ಅದಕ್ಕೇ. ನನ್ನ ಸೂಚನೆ ಇದು: ಹಿಂದಿ ಭವನದಲ್ಲಿ ದಿನದ ಮಿತಿ ಹೇರಿದ್ದ ತುಂಡು ಲಖನೌದಲ್ಲಿ ಹಂಚಿನ ತುಂಡಾಗಿ ಬಯಲಿಗೆ ಬಂತು. ಅಲ್ಲಿ ಅಡಗಿಸಬೇಕಿದ್ದ ಕೀಲು ಇಲ್ಲಿ ಅಲಂಕಾರವಾಯಿತು.

ಈ ಮಾತಿಗೆ ಬಲವಾದ ಆಕ್ಷೇಪಗಳಿವೆ. ಮೊದಲನೆಯದು ಬಂಗಾಳದ ಸುಟ್ಟಮಣ್ಣಿನ ಗುಡಿಗಳದು. ಬಿಷ್ಣುಪುರ ದೂರವಿದ್ದರೂ ಶಾಂತಿನಿಕೇತನದ ಮಗ್ಗುಲಲ್ಲೇ ಸುರುಲ್ ಇದೆ. ತುಂಡುಗಳಿಂದ ಗೋಡೆ ಕಟ್ಟುವ ಪಾಠಕ್ಕೆ ಅದೇ ಸಾಕಲ್ಲ? ವಸ್ತುವಿನ ಮಟ್ಟಿಗೆ ಸಾಕು, ನಾನೂ ಒಪ್ಪುತ್ತೇನೆ. ಆದರೆ ಗುಡಿಯ ಹಲಗೆ ಸಾಮಾನ್ಯವಾಗಿ ತನ್ನ ಚೌಕಟ್ಟಿನೊಳಗೆ ತಾನೇ ಪೂರ್ಣ: ಒಂದು ದೋಣಿ, ಒಂದು ಬೇಟೆ, ಒಬ್ಬ ಕೃಷ್ಣ. ಲಖನೌದ ತುಂಡು ಪಕ್ಕದ ತುಂಡಿಲ್ಲದೆ ಅರ್ಥ ಕೊಡುವುದಿಲ್ಲ. ಚೌಕಟ್ಟಿನ ಬದಲು ಆಕೃತಿಯ ಅಂಚೇ ಅಲ್ಲಿ ತುಂಡಿನ ಅಂಚು. ಈ ಬಗೆಯ ಯೋಚನೆಗೆ ಹಸಿ ಗಾರೆಯ ಕೆಲಸ ಗುಡಿಯ ಹಲಗೆಗಿಂತ ಹತ್ತಿರದ ಮಾದರಿ ಎಂದು ನನಗನಿಸುತ್ತದೆ. ಇದು ಪುರಾವೆಗಿಂತ ಸಂಭಾವ್ಯತೆಯ ಮಾತೆಂದು ಓದುಗರು ತಿಳಿದರೆ ನನ್ನ ಆಕ್ಷೇಪವಿಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಸಹಾಯಕರೆಲ್ಲ ಭಿತ್ತಿಕಾರರಾಗಲಿಲ್ಲ. ಲೀಲಾ ಮುಖರ್ಜಿ ಮರದ ಕೆತ್ತನೆಗೆ ಹೋದರು. ರಾಮಕಿಂಕರರ ಜೊತೆ 1945ರಲ್ಲಿ ನೇಪಾಳದ ಯುದ್ಧಸ್ಮಾರಕದಲ್ಲಿ ದುಡಿದ ಶಂಖೋ ಚೌಧುರಿಯವರ ಮುಂದಿನ ಶಿಲ್ಪಗಳಲ್ಲಿ ಗುರುವಿನ ಒರಟು ಮೈಯ ಸುಳಿವೇ ಸಿಗದು. ಹೀಗಾಗಿ ಕೈಜೋಡಿಸುವುದು ಪ್ರೇರಣೆಗೆ ಸಾಕಾಗುವ ಕಾರಣವಲ್ಲ. ನನ್ನ ವಾದಕ್ಕೆ ಇದು ಮಿತಿ ಹಾಕುತ್ತದೆ, ಜೊತೆಗೆ ಅದನ್ನು ಹರಿತವೂ ಮಾಡುತ್ತದೆ. ರೂಪ ದಾಟದೆ ಇದ್ದಾಗಲೂ ಬೇರೇನೋ ದಾಟಿರಬಹುದು, ಅದೇನೆಂದು ಪ್ರತಿಯೊಬ್ಬರ ವಿಷಯದಲ್ಲೂ ಬೇರೆಯಾಗಿಯೇ ಕೇಳಬೇಕು. ನಂದಲಾಲರೂ ನಮ್ಮ ಕೆ. ವೆಂಕಟಪ್ಪನವರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಒಂದೇ ಗರಡಿಯವರು. ಒಬ್ಬರ ಸುತ್ತ ಗೋಡೆಗಳೂ ಶಿಷ್ಯರೂ ಬೆಳೆದರು, ಇನ್ನೊಬ್ಬರು ಬೆಂಗಳೂರಿನಲ್ಲಿ ಒಂಟಿಯಾಗಿ ಗಾರೆಯ ಉಬ್ಬುಚಿತ್ರ ತಿದ್ದಿದರು. ಒಂದೇ ಪಾಠಕ್ಕೆ ಒಂದೇ ಫಲವೆಂದು ನಂಬುವವರು ಈ ಜೋಡಿಯನ್ನು ನೆನೆಯಬೇಕು.

ಇನ್ನು ರಾಯ್ ಅವರ ಚಿತ್ರದೊಳಗಿನ ಪುರಾವೆ. ‘ದಿ ಇನ್ನರ್ ಐ’ ಶುರುವಾಗುವುದು ಕಲಾಭವನದ ಗೋಡೆಗೆಂದು ಕುರುಡ ಬಿನೋದ್ ಬಿಹಾರಿ ಸಿದ್ಧಮಾಡುತ್ತಿದ್ದ ಹಂಚಿನ ಭಿತ್ತಿಯಿಂದ. ಕಾಗದ ಮಡಚಿ ಕತ್ತರಿಸಿ ಬೆರಳಿನಿಂದ ತಡವಿ ಆಕೃತಿ ನಿರ್ಧರಿಸುವುದು ಅವರು, ಹಂಚಿಗೆ ಇಳಿಸುವುದು ಇತರರ ಕೈ. 1957ರ ಹೊತ್ತಿಗೆ ಕಣ್ಣು ಪೂರ್ತಿ ಹೋದ ಕಲಾವಿದ ಹದಿನೈದು ವರ್ಷದ ಮೇಲೆ ಇಡೀ ಗೋಡೆಯನ್ನು ಯೋಜಿಸಬಲ್ಲವರಾಗಿದ್ದರೆ, ಬಿಡಿಗಳಲ್ಲಿ ಇಡಿಯನ್ನು ಹಿಡಿಯುವ ಕ್ರಮ ಅವರಲ್ಲಿ ಕಣ್ಣಿಗಿಂತ ಆಳಕ್ಕೆ ಇಳಿದಿತ್ತೆಂದಾಯಿತು. ನೋಟದ ಸಿದ್ಧಾಂತಕ್ಕೆ ಆಧಾರವೆಂದು ಉದಾಹರಿಸುವ ಚಿತ್ರವೇ ಕೈಯ ಸಿದ್ಧಾಂತದಿಂದ ಆರಂಭವಾಗುತ್ತದೆ. ಕಾಲಾನುಕ್ರಮವೂ ಕುತೂಹಲಕರ: ಶಿಷ್ಯನ ಹಂಚಿನ ಗೋಡೆ ಮೊದಲು, ಗುರುವಿನದು ಸುಮಾರು ಒಂಬತ್ತು ವರ್ಷ ತಡವಾಗಿ. ಪ್ರೇರಣೆ ಹಿಮ್ಮುಖವಾಗಿ ಹರಿದಿರಬಹುದೇ? ಹಾಗೆಂದು ಹೇಳಲು ಕಾಲಾನುಕ್ರಮವೊಂದೇ ಸಾಲದು. ಗುರುಶಿಷ್ಯರ ನಡುವಿನ ಬಾಣವನ್ನು ಯಾವಾಗಲೂ ಒಂದೇ ದಿಕ್ಕಿಗೆ ಬರೆಯುವ ಚಾಳಿಯನ್ನು ತಡೆಯಲು ಅದು ಸಾಕು.

ಪರೀಕ್ಷಿಸಲು ದಾರಿಯಿದೆ. ಹಿಂದಿ ಭವನದ ಗೋಡೆಗೆ ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟರೆ ದಿನದಿನದ ಕೀಲುಗಳು ನೆರಳಾಗಿ ಮೇಲೇಳುತ್ತವೆ. ಇಟಲಿಯ ಭಿತ್ತಿಚಿತ್ರಗಳನ್ನು ಓದುವಲ್ಲಿ ಇದು ಹಳೆಯ ವಿಧಾನ. 2023ರಲ್ಲಿ ಶಾಂತಿನಿಕೇತನ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಗೋಡೆಯ ಮೇಲೆ ವಿದ್ಯಾರ್ಥಿ ಕೈಯಿಡುವ ಕಾಲ ಅದರಿಂದ ಇನ್ನಷ್ಟು ಹಿಂದೆ ಸರಿಯುವುದೋ ಏನೋ, ಬೆಳಕು ಬಿಟ್ಟು ನೋಡಲು ಮಾತ್ರ ಗೋಡೆಯನ್ನು ಮುಟ್ಟಬೇಕಿಲ್ಲ. ಕೀಲುಗಳು ಆಕೃತಿಗಳ ಅಂಚನ್ನೇ ಹಿಡಿದು ಸಾಗಿದ್ದರೆ ಲಖನೌದ ತುಂಡುಗಳಿಗೆ ಮೂಲವೊಂದು ದೊರೆತಂತೆ. ಆಕೃತಿಗಳನ್ನು ಲೆಕ್ಕಿಸದೆ ಅಡ್ಡಡ್ಡ ಹಾದುಹೋಗಿದ್ದರೆ, ಆ ಹಂಚಿನ ಗೋಡೆಯನ್ನು ನಾನು ಸುರುಲ್ ಮತ್ತು ಬಿಷ್ಣುಪುರದ ಕುಶಲಿಗರಿಗೆ ಬಿಟ್ಟುಕೊಡಬೇಕಾಗುತ್ತದೆ.